ತೊಟ್ಟಿಮನೆಯಲ್ಲಿ ಅತಿಥಿ: ಬೇಲೂರು, ಹಳೇಬೀಡು, ಅರಸೀಕೆರೆ ಸೀಮೆಯ ಹೋಂ ಸ್ಟೇ ಉದ್ಯಮ – ಒಂದು ಅಧ್ಯಯನ

ಬೆಂಗಳೂರಿನಿಂದ ಮುಂಜಾನೆ ಹೊರಟ ಪ್ರವಾಸಿಯೊಬ್ಬ ಹನ್ನೊಂದು ಗಂಟೆಯ ವೇಳೆಗೆ ಬೇಲೂರನ್ನು ತಲುಪುತ್ತಾನೆ. ಚೆನ್ನಕೇಶವ ದೇವಾಲಯವನ್ನು ನೋಡಿ, ಊಟ ಮುಗಿಸಿ, 16 ಕಿ.ಮೀ. ದೂರದ ಹಳೇಬೀಡಿಗೆ ಹೋಗಿ ಹೊಯ್ಸಳೇಶ್ವರನ ಭಿತ್ತಿಗಳನ್ನು ಸುತ್ತಿ, ಸಂಜೆಯ ಹೊತ್ತಿಗೆ ಹಾಸನಕ್ಕೋ ಚಿಕ್ಕಮಗಳೂರಿಗೋ ಹೊರಟುಬಿಡುತ್ತಾನೆ. ಅವನು ಈ ಎರಡು ಊರುಗಳಲ್ಲಿ ವ್ಯಯಿಸಿದ್ದು ವಾಹನ ನಿಲುಗಡೆಯ ಶುಲ್ಕ, ಒಂದು ಎಳನೀರು, ಒಂದು ಊಟ, ಮನಸ್ಸು ಬಂದರೆ ಬಳಪದ ಕಲ್ಲಿನ ಒಂದು ಪುಟ್ಟ ಗಣಪತಿ. ರಾತ್ರಿಯ ಊಟ, ವಸತಿ, ಮರುದಿನದ ಉಪಾಹಾರ, ಮನೆಗೆ ಒಯ್ಯುವ ಕಾಫಿಪುಡಿ, ಇವೆಲ್ಲವೂ ಬೇರೆ ಊರಿನ ವ್ಯಾಪಾರ. ಅರಸೀಕೆರೆಯ ಪಾಲಿಗೆ ಇಷ್ಟೂ ಇಲ್ಲ. ಅಲ್ಲಿ ಪ್ರವಾಸಿ ರೈಲು ಬದಲಿಸುತ್ತಾನೆ, ಅಷ್ಟೇ.

2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಬಳಿಕ ಈ ಭಾಗದ ಅನೇಕ ಕೃಷಿಕ ಕುಟುಂಬಗಳಲ್ಲಿಯೂ, ಪಟ್ಟಣದಲ್ಲಿ ಅಂಗಡಿಯಿಟ್ಟು ಹಳ್ಳಿಯಲ್ಲಿ ಹಿರಿಯರ ಮನೆ ಉಳಿಸಿಕೊಂಡಿರುವ ವರ್ತಕ ಕುಟುಂಬಗಳಲ್ಲಿಯೂ ಒಂದು ಪ್ರಶ್ನೆ ಸಹಜವಾಗಿಯೇ ಎದ್ದಿದೆ. ಬೀಗ ಹಾಕಿದ ಹಳೆಯ ತೊಟ್ಟಿಮನೆಯನ್ನು ದುರಸ್ತಿಗೊಳಿಸಿ ಅತಿಥಿಗಳಿಗೆ ತೆರೆದರೆ ಅದು ಲಾಭದಾಯಕವಾದೀತೆ? ಈ ಪ್ರಶ್ನೆಯನ್ನು ಭಾವನೆಯಿಂದಲ್ಲದೆ ಲೆಕ್ಕದ ಪುಸ್ತಕದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೆಲೆ ಕುಸಿತದಲ್ಲಿ ಹುಟ್ಟಿದ ಉದ್ಯಮ

ಮಲೆನಾಡಿನಲ್ಲಿ ಹೋಂ ಸ್ಟೇ ಹುಟ್ಟಿದ ಸಂದರ್ಭವನ್ನು ನೆನಪಿಸಿಕೊಳ್ಳುವುದು ಇಲ್ಲಿ ಅಗತ್ಯ. ಕಾಫಿ ಮಂಡಳಿಯ ಸಂಗ್ರಹ ಪದ್ಧತಿ ಹಂತಹಂತವಾಗಿ ಸಡಿಲಗೊಂಡು 1996ರ ವೇಳೆಗೆ ಬೆಳೆಗಾರನಿಗೆ ತನ್ನ ಕಾಫಿಯನ್ನು ಮುಕ್ತ ಮಾರುಕಟ್ಟೆಯಲ್ಲಿ ಮಾರುವ ಸ್ವಾತಂತ್ರ್ಯ ದೊರೆಯಿತು. ಕೆಲವು ವರ್ಷ ಒಳ್ಳೆಯ ಬೆಲೆಯೂ ಸಿಕ್ಕಿತು. ಅನಂತರ ವಿಯೆಟ್ನಾಮಿನ ಉತ್ಪಾದನೆ ಏರಿ, ಜಾಗತಿಕ ಮಾರುಕಟ್ಟೆಯಲ್ಲಿ ದಾಸ್ತಾನು ತುಂಬಿ, 2001-02ರ ಹೊತ್ತಿಗೆ ಬೆಲೆ ಪಾತಾಳಕ್ಕಿಳಿಯಿತು. ಸಾಲದ ಕಂತು ಕಟ್ಟಲಾರದ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟದ ಮನೆಗಳು ಅತಿಥಿಗಳಿಗೆ ಬಾಗಿಲು ತೆರೆದದ್ದು ಬಹುಮಟ್ಟಿಗೆ ಆ ವರ್ಷಗಳಲ್ಲಿ. ಹೋಂ ಸ್ಟೇ ಎಂಬುದು ಅಂದು ಉದ್ಯಮವಾಗಿರಲಿಲ್ಲ, ಮುಳುಗುವವನಿಗೆ ಸಿಕ್ಕ ಹುಲ್ಲುಕಡ್ಡಿಯಾಗಿತ್ತು.

ಅರಸೀಕೆರೆಯ ತೆಂಗಿನ ಸೀಮೆಗೂ ಇಂತಹ ಏರಿಳಿತ ಹೊಸದಲ್ಲ. 2023ರಲ್ಲಿ ಉಂಡೆ ಕೊಬ್ಬರಿಯ ಧಾರಣೆ ಬೆಂಬಲ ಬೆಲೆಗಿಂತ ಬಹಳ ಕೆಳಗಿಳಿದು ಬೆಳೆಗಾರರು ಖರೀದಿ ಕೇಂದ್ರಗಳ ಮುಂದೆ ಸಾಲುಗಟ್ಟಿದ್ದರು. 2025ರಲ್ಲಿ ಅದೇ ಕೊಬ್ಬರಿಯ ಬೆಲೆ ಯಾರೂ ನಿರೀಕ್ಷಿಸದಷ್ಟು ಏರಿತು. ಕಾಫಿಯೂ ಹಾಗೆಯೇ 2024 ಮತ್ತು 2025ರಲ್ಲಿ ದಾಖಲೆಯ ಮಟ್ಟ ಮುಟ್ಟಿತು. ಬೆಲೆ ಏರಿದ ವರ್ಷ ಬೆಳೆಗಾರನಿಗೆ ಅತಿಥಿ ಬೇಡವಾಗುತ್ತಾನೆ, ಬೆಲೆ ಬಿದ್ದ ವರ್ಷ ಸಾಲ ಮಾಡಿಯಾದರೂ ಕೊಠಡಿ ಕಟ್ಟಿಸಲು ಮುಂದಾಗುತ್ತಾನೆ. ವ್ಯಾಪಾರದ ದೃಷ್ಟಿಯಿಂದ ಇದು ತಲೆಕೆಳಗಾದ ಕ್ರಮ. ಹಳೆಯ ಮನೆಯ ದುರಸ್ತಿಗೆ ಬಂಡವಾಳ ತೊಡಗಿಸಬೇಕಾದ ಕಾಲ ಕೈಯಲ್ಲಿ ಕಾಸಿರುವ ಕಾಲವೇ ಹೊರತು ಬ್ಯಾಂಕಿನ ಮೆಟ್ಟಿಲು ಹತ್ತುವ ಕಾಲವಲ್ಲ. ಏಕೆಂಬುದು ಮುಂದಿನ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಪೋರ್ಚುಗಲ್ ಮತ್ತು ಇಟಲಿಯ ನಿದರ್ಶನ

ತೋಟದ ಮನೆಯನ್ನು ಅತಿಥಿಗೃಹವಾಗಿಸುವ ಪ್ರಯೋಗವನ್ನು ನಮಗಿಂತ ಮೊದಲು ಕ್ರಮಬದ್ಧವಾಗಿ ಮಾಡಿದ ದೇಶಗಳಲ್ಲಿ ಪೋರ್ಚುಗಲ್ ಒಂದು. ಹಳ್ಳಿಗಳಿಂದ ಜನ ನಗರಗಳಿಗೂ ಹೊರದೇಶಗಳಿಗೂ ವಲಸೆ ಹೋಗಿ, ದ್ರಾಕ್ಷಿ ಮತ್ತು ಆಲಿವ್ ತೋಟಗಳ ನಡುವಿನ ಕಲ್ಲಿನ ಮನೆಗಳು ಪಾಳುಬೀಳತೊಡಗಿದ್ದಾಗ, ಉತ್ತರ ಭಾಗದ ಪೊಂತೆ ದೆ ಲಿಮಾ ಎಂಬ ಪಟ್ಟಣದ ಸುತ್ತಲಿನ ಮನೆಗಳ ಮಾಲೀಕರು 1980ರ ದಶಕದ ಆರಂಭದಲ್ಲಿ ಒಂದು ಸಂಘ ಕಟ್ಟಿಕೊಂಡರು. ಮನೆಗಳು ಬೇರೆ ಬೇರೆ, ಮಾಲೀಕರು ಬೇರೆ ಬೇರೆ. ಆದರೆ ಕೊಠಡಿ ಕಾಯ್ದಿರಿಸುವ ವ್ಯವಸ್ಥೆ, ಗುಣಮಟ್ಟದ ನಿಯಮ, ಪ್ರಚಾರ ಇವು ಒಂದೇ. ಇಂದು ಆ ದೇಶದ ಕರಾವಳಿಗೆ ಸಮೀಪದ ಹಳ್ಳಿಗಳಲ್ಲಿಯೂ ಹಳೆಯ ಕೃಷಿಮನೆಯಲ್ಲಿ ತಂಗಿ, ಹಗಲು ಸಮುದ್ರ ತೀರಕ್ಕೆ ಹೋಗಿ, ರಾತ್ರಿ ತೋಟದ ಊಟಕ್ಕೆ ಮರಳುವ ಪ್ರವಾಸ ಜನಪ್ರಿಯವಾಗಿದೆ. ಅಲ್ಲಿ ಸಮುದ್ರವು ಅತಿಥಿಯನ್ನು ಕರೆತರುತ್ತದೆ, ಮನೆ ಅವನನ್ನು ಉಳಿಸಿಕೊಳ್ಳುತ್ತದೆ. ನಮ್ಮಲ್ಲಿ ಕರೆತರುವ ಕೆಲಸವನ್ನು ಹೊಯ್ಸಳರ ಶಿಲ್ಪಿಗಳು ಒಂಬೈನೂರು ವರ್ಷಗಳ ಹಿಂದೆಯೇ ಮಾಡಿಟ್ಟಿದ್ದಾರೆ. ಉಳಿಸಿಕೊಳ್ಳುವ ಕೆಲಸ ಬಾಕಿಯಿದೆ.

ಇಟಲಿ 1985ರಲ್ಲಿ ಈ ಬಗೆಯ ಪ್ರವಾಸೋದ್ಯಮಕ್ಕಾಗಿಯೇ ಪ್ರತ್ಯೇಕ ಕಾಯ್ದೆ ಮಾಡಿತು. ಅದರ ತಿರುಳು ಸರಳ: ಅತಿಥಿ ಸತ್ಕಾರ ಕೃಷಿಗೆ ಪೂರಕವಾಗಿರಬೇಕು, ಕೃಷಿಯೇ ಮುಖ್ಯ ಕಸುಬಾಗಿ ಉಳಿಯಬೇಕು. 2006ರ ಹೊಸ ಕಾಯ್ದೆಯೂ ಈ ತತ್ವವನ್ನು ಕೈಬಿಡಲಿಲ್ಲ. ನಮ್ಮಲ್ಲಿ ಹತ್ತಾರು ಕೊಠಡಿಗಳ ರೆಸಾರ್ಟ್ ಕಟ್ಟಿ, ಮಾಲೀಕರು ಬೆಂಗಳೂರಿನಲ್ಲಿದ್ದು, ಫಲಕದಲ್ಲಿ ಮಾತ್ರ ಹೋಂ ಸ್ಟೇ ಎಂದು ಬರೆಸುವ ರೂಢಿ ಬೆಳೆದಿರುವುದರಿಂದ ಈ ವ್ಯತ್ಯಾಸವನ್ನು ಒತ್ತಿ ಹೇಳಬೇಕಾಗಿದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಮಾರ್ಗಸೂಚಿಯಂತೆ ಹೋಂ ಸ್ಟೇಗೆ ಗರಿಷ್ಠ 6 ಕೊಠಡಿ, 12 ಹಾಸಿಗೆಗಳ ಮಿತಿಯಿದೆ. ಮಾಲೀಕ ತನ್ನ ಕುಟುಂಬದೊಡನೆ ಆ ಮನೆಯಲ್ಲಿಯೇ ವಾಸವಾಗಿರಬೇಕು.

ಮನೆಯ ಸ್ಥಿತಿಗತಿ

ಈ ಮೂರು ತಾಲ್ಲೂಕು ಭಾಗಗಳ ಹಳೆಯ ಮನೆಗಳು ಒಂದೇ ಬಗೆಯವಲ್ಲ. ಬೇಲೂರಿನ ಪಶ್ಚಿಮಕ್ಕೆ ಬಿಕ್ಕೋಡು, ಅರೇಹಳ್ಳಿ ಕಡೆ ಕಾಫಿ ತೋಟದ ನಡುವೆ ಕಡಿದಾದ ಇಳಿಜಾರಿನ ಮಂಗಳೂರು ಹೆಂಚಿನ ಮನೆಗಳಿವೆ. ಹಳೇಬೀಡು, ಜಾವಗಲ್ ಕಡೆ ಬಯಲಿಗೆ ಬಂದಂತೆ ದಪ್ಪ ಮಣ್ಣಿನ ಗೋಡೆ, ನಡುವೆ ತೊಟ್ಟಿ, ಸುತ್ತ ಪಡಸಾಲೆ, ಒಂದು ಪಕ್ಕಕ್ಕೆ ದನದ ಕೊಟ್ಟಿಗೆ ಇರುವ ಮನೆಗಳು. ಅರಸೀಕೆರೆಯ ಸುತ್ತ ತೆಂಗಿನ ತೋಟದ ಮನೆಗಳಲ್ಲಿ ಅಟ್ಟವೇ ಮುಖ್ಯ, ಏಕೆಂದರೆ ಕಾಯಿ ತಿಂಗಳುಗಟ್ಟಲೆ ಒಣಗಿ ಕೊಬ್ಬರಿಯಾಗುವುದು ಅಲ್ಲಿ.

ದುರಸ್ತಿಯಲ್ಲಿ ಸಾಮಾನ್ಯವಾಗಿ ಆಗುವ ಮೊದಲ ತಪ್ಪು ಸಿಮೆಂಟು. ಮಣ್ಣಿನ ಗೋಡೆ ತೇವವನ್ನು ಹೀರಿ ಬಿಡುತ್ತಿರುತ್ತದೆ. ಅದರ ಮೇಲೆ ಸಿಮೆಂಟು ಗಾರೆ ಬಳಿದರೆ ತೇವ ಒಳಗೇ ಉಳಿದು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗಾರೆ ಹಪ್ಪಳದಂತೆ ಏಳುತ್ತದೆ, ಒಳಗಿನ ಮಣ್ಣು ಸಡಿಲವಾಗುತ್ತದೆ, ತೊಲೆಯ ತುದಿಗೆ ಗೆದ್ದಲು ಹತ್ತುತ್ತದೆ. ಸುಣ್ಣದ ಗಾರೆ ದುಬಾರಿ, ಕೆಲಸ ನಿಧಾನ, ಬಲ್ಲ ಕೆಲಸಗಾರರೂ ವಿರಳ; ಆದರೂ ಇದಕ್ಕೆ ಬದಲಿಯಿಲ್ಲ. ಎರಡನೆಯ ತಪ್ಪು ಸ್ನಾನಗೃಹ. ಪ್ರತಿ ಕೊಠಡಿಗೂ ಹೊಂದಿಕೊಂಡಂತೆ ಸ್ನಾನಗೃಹ ಬೇಕೆಂಬುದು ಇಂದಿನ ಅತಿಥಿಯ ನ್ಯಾಯವಾದ ಬೇಡಿಕೆ. ಆದರೆ ಮಣ್ಣಿನ ಗೋಡೆಯೊಳಗೆ ನೀರಿನ ಕೊಳವೆ ಹಾಯಿಸುವುದು ಮನೆಗೆ ಕೊಡಲಿ ಹಾಕಿದಂತೆ. ಬಳಕೆ ತಪ್ಪಿದ ಕೊಟ್ಟಿಗೆಯನ್ನೋ ಹಿಂಬದಿಯ ಬಚ್ಚಲುಮನೆಯ ಸಾಲನ್ನೋ ಇಟ್ಟಿಗೆಯಲ್ಲಿ ಪುನಃ ಕಟ್ಟಿ, ಅಲ್ಲಿಯೇ ಕೊಠಡಿ ಮತ್ತು ಸ್ನಾನಗೃಹಗಳನ್ನು ಮಾಡಿ, ಹಳೆಯ ತೊಟ್ಟಿ ಮತ್ತು ಪಡಸಾಲೆಯನ್ನು ಊಟಕ್ಕೆ, ಕುಳಿತು ಮಾತನಾಡುವುದಕ್ಕೆ ಬಿಡುವುದು ಉತ್ತಮ. ಹೀಗೆ ಮಾಡಿದ ಮನೆಯಲ್ಲಿ ಅತಿಥಿ ಮಲಗುವುದು ಹೊಸ ಗೋಡೆಯೊಳಗೆ, ನೆನಪಿನಲ್ಲಿ ಒಯ್ಯುವುದು ಹಳೆಯ ತೊಟ್ಟಿಯನ್ನು. ಸೆಪ್ಟಿಕ್ ಟ್ಯಾಂಕನ್ನು ಕುಡಿಯುವ ನೀರಿನ ಬಾವಿಯಿಂದ ಸಾಕಷ್ಟು ದೂರದಲ್ಲಿ, ಇಳಿಜಾರಿನ ಕೆಳಭಾಗದಲ್ಲಿ ಇರಿಸಬೇಕೆಂಬುದನ್ನು ಹೇಳಬೇಕಾಗಿಲ್ಲ, ಆದರೂ ತಪ್ಪುವವರಿದ್ದಾರೆ.

ಈ ಕೆಲಸಗಳಲ್ಲಿ ಸಣ್ಣ ಉದ್ಯಮಿಗಳಿಗೆ ಅವಕಾಶವಿರುವುದನ್ನು ಗಮನಿಸಬೇಕು. ಹಳೆಯ ಅಳತೆಯ ಹೆಂಚು, ಸುಣ್ಣ, ಮರದ ಕಿಟಕಿಯ ಸರಳು, ಚಿಲಕ, ಅಗುಳಿ, ತಾಮ್ರದ ಹಂಡೆಯ ದುರಸ್ತಿ, ತೆಂಗಿನ ನಾರಿನ ಚಾಪೆ, ಕಾಲೊರೆಸು ಇವುಗಳಿಗೆ ಬೇಡಿಕೆ ಸಣ್ಣದಾದರೂ ಸ್ಥಿರವಾದದ್ದು. ಮಂಗಳೂರು ಹೆಂಚಿನ ಮೊದಲ ಕಾರ್ಖಾನೆಯನ್ನು ಬಾಸೆಲ್ ಮಿಷನ್ 1865ರಲ್ಲಿ ಸ್ಥಾಪಿಸಿತು. ಇಂದು ಆ ಉದ್ಯಮ ಕುಗ್ಗಿರುವುದರಿಂದ ಕೆಡವಿದ ಮನೆಗಳ ಹೆಂಚನ್ನು ಸಂಗ್ರಹಿಸಿ, ವಿಂಗಡಿಸಿ ಮಾರುವುದೂ ಒಂದು ವ್ಯಾಪಾರ.

ಕಾಗದಪತ್ರ: ಮನೆಗಿಂತ ಮೊದಲು ಖಾತೆ

ಹೋಂ ಸ್ಟೇ ಯೋಜನೆಗಳು ಹೆಚ್ಚಾಗಿ ಮುಗ್ಗರಿಸುವುದು ಗಾರೆಯಲ್ಲಲ್ಲ, ಖಾತೆಯಲ್ಲಿ. ಮನೆ ಇನ್ನೂ ತಾತನ ಹೆಸರಿನಲ್ಲಿರುತ್ತದೆ. ಪೌತಿ ಖಾತೆ ಆಗಿರುವುದಿಲ್ಲ. ನಾಲ್ವರು ಅಣ್ಣತಮ್ಮಂದಿರಲ್ಲಿ ಊರಲ್ಲಿರುವವನು ಒಬ್ಬ, ಹಣ ಹಾಕಲು ಮುಂದಾದವನು ಇನ್ನೊಬ್ಬ. ಮನೆ ಪಾಳುಬಿದ್ದಿರುವವರೆಗೆ ಯಾರಿಗೂ ಬೇಡದ ಪಾಲು, ಅತಿಥಿಗಳು ಬರತೊಡಗಿದ ಮೇಲೆ ಎಲ್ಲರಿಗೂ ಬೇಕಾಗುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಾನ ಹಕ್ಕಿರುವುದನ್ನು ಮರೆತು ಬರೆಸಿಕೊಂಡ ವಿಭಾಗ ಪತ್ರ ನಾಳೆ ನ್ಯಾಯಾಲಯದಲ್ಲಿ ನಿಲ್ಲದು. ಒಂದು ರೂಪಾಯಿ ಖರ್ಚು ಮಾಡುವ ಮೊದಲು ಎಲ್ಲ ಪಾಲುದಾರರ ಒಪ್ಪಿಗೆಯನ್ನು ನೋಂದಾಯಿತ ಪತ್ರದ ಮೂಲಕ ಪಡೆಯುವುದು, ದುರಸ್ತಿಗೆ ಹಾಕಿದ ಹಣ ಯಾರದು ಮತ್ತು ಪಾಲಾದಾಗ ಅದು ಹೇಗೆ ಹಿಂತಿರುಗಬೇಕು ಎಂಬುದನ್ನು ಅದರಲ್ಲಿ ನಮೂದಿಸುವುದು ಅಗತ್ಯ.

ಮನೆ ಗ್ರಾಮಠಾಣೆಯೊಳಗಿದ್ದರೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ದಾಖಲೆ ಬೇಕು. ಕೃಷಿ ಜಮೀನಿನಲ್ಲಿ ಅತಿಥಿಗಳಿಗಾಗಿ ಹೊಸ ಕಟ್ಟಡ ಎಬ್ಬಿಸುವುದಾದರೆ ಭೂ ಪರಿವರ್ತನೆಯ ಪ್ರಶ್ನೆ ಬರುತ್ತದೆ. ಇರುವ ಮನೆಯನ್ನೇ ಬಳಸುವುದರ ಒಂದು ಅನುಕೂಲವೆಂದರೆ ಈ ಜಂಜಾಟ ಬಹುಮಟ್ಟಿಗೆ ತಪ್ಪುವುದು. ಇದರ ಜೊತೆಗೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ, ಪಂಚಾಯಿತಿಯ ನಿರಾಕ್ಷೇಪಣಾ ಪತ್ರ, ಪೊಲೀಸ್ ಪರಿಶೀಲನೆ, ಊಟ ಬಡಿಸುವುದರಿಂದ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ನೋಂದಣಿ ಇವೆಲ್ಲ ಸೇರುತ್ತವೆ. ವಿದೇಶೀ ಅತಿಥಿ ಬಂದರೆ 24 ಗಂಟೆಗಳೊಳಗೆ ಅವರ ವಿವರವನ್ನು ಅಂತರ್ಜಾಲದ ಮೂಲಕ ವಲಸೆ ಅಧಿಕಾರಿಗಳಿಗೆ ಸಲ್ಲಿಸಬೇಕು. ವಿದ್ಯುತ್ ದರ ಗೃಹಬಳಕೆಯದೋ ವಾಣಿಜ್ಯದ್ದೋ ಎಂಬುದನ್ನು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದಿಂದ ಲಿಖಿತವಾಗಿ ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ಬಾಯಿಮಾತಿನ ಭರವಸೆ ಬಿಲ್ಲು ಬಂದಾಗ ಉಪಯೋಗಕ್ಕೆ ಬರುವುದಿಲ್ಲ.

ಬೇಲೂರು ಮತ್ತು ಹಳೇಬೀಡಿನ ಪೇಟೆಯಲ್ಲಿ ಮನೆ ಇರುವವರಿಗೆ ಮತ್ತೊಂದು ಮುಖ್ಯ ಅಂಶವಿದೆ. ಸಂರಕ್ಷಿತ ಸ್ಮಾರಕಗಳಿಗೆ ಸಂಬಂಧಿಸಿದ ಕಾಯ್ದೆಗೆ 2010ರಲ್ಲಿ ಮಾಡಿದ ತಿದ್ದುಪಡಿಯಂತೆ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಆದರೆ 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯ ದುರಸ್ತಿ ಮತ್ತು ನವೀಕರಣಕ್ಕೆ ಸಕ್ಷಮ ಪ್ರಾಧಿಕಾರದ ಅನುಮತಿ ಕೋರಬಹುದು. ನಿಯಂತ್ರಿತ ಪ್ರದೇಶದಲ್ಲಿ ನಿರ್ಮಾಣಕ್ಕೂ ದುರಸ್ತಿಗೂ ಅನುಮತಿ ಬೇಕು. ದೇವಾಲಯದ ಬೀದಿಯ ಹಳೆಯ ಮನೆಗಳ ಮಾಲೀಕರು ಈ ನಿಯಮವನ್ನು ಶಾಪವೆಂದೇ ಭಾವಿಸಿದ್ದಾರೆ. ಅವರ ದೂರು ನ್ಯಾಯವಾದದ್ದೇ. ಮಹಡಿ ಏರಿಸಿ ವಸತಿಗೃಹ ಮಾಡುವ ದಾರಿ ಅವರಿಗೆ ಮುಚ್ಚಿದೆ. ಆದರೆ ಇದ್ದ ಮನೆಯನ್ನು ಇದ್ದಂತೆಯೇ ಉಳಿಸಿ ಬಳಸುವ ದಾರಿ ಪೂರ್ತಿ ಮುಚ್ಚಿಲ್ಲ, ಅಂತಹ ಮನೆಗೆ ಹೊಸ ಪೈಪೋಟಿ ಪಕ್ಕದಲ್ಲಿ ಏಳಲಾರದೆಂಬುದೂ ಅಷ್ಟೇ ನಿಜ.

ಒಂದು ಮಾದರಿ ಲೆಕ್ಕ

ಕೆಳಗಿನ ಅಂಕಿಗಳು ಯಾವುದೇ ಒಂದು ಮನೆಯವಲ್ಲ. ಲೆಕ್ಕದ ಕ್ರಮವನ್ನು ತೋರಿಸಲು ಊಹಿಸಿಕೊಂಡವು. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಹಾಕಿ ನೋಡಬೇಕು.

ನಾಲ್ಕು ಕೊಠಡಿಗಳ ಮನೆ. ದುರಸ್ತಿಗೆ 18 ಲಕ್ಷ ರೂ., ಅದರಲ್ಲಿ 10 ಲಕ್ಷ ಸಾಲ. ಒಬ್ಬ ಅತಿಥಿಗೆ ಒಂದು ರಾತ್ರಿಗೆ ಊಟ, ಉಪಾಹಾರ ಸೇರಿ 2,000 ರೂ. ಈ ಸೀಮೆಗೆ ಜನ ಬರುವುದು ವಾರಾಂತ್ಯ ಮತ್ತು ರಜೆಗಳಲ್ಲಿ. ಆದ್ದರಿಂದ ವರ್ಷಕ್ಕೆ 110 ರಾತ್ರಿ, ಸರಾಸರಿ 5 ಮಂದಿ ಎಂದಿಟ್ಟುಕೊಂಡರೆ 550 ಅತಿಥಿ-ರಾತ್ರಿಗಳು, ಒಟ್ಟು ಆದಾಯ 11,00,000 ರೂ. ನೋಡಲು ಸೊಗಸಾದ ಅಂಕಿ. ಇನ್ನು ಖರ್ಚು: ತಲೆಗೆ 450 ರೂ.ನಂತೆ ಅಡುಗೆ ಸಾಮಗ್ರಿ 2,47,500. ಇಬ್ಬರು ಸಹಾಯಕರಿಗೆ ತಿಂಗಳಿಗೆ ತಲಾ 12,000ದಂತೆ 2,88,000. ತಲೆಗೆ 150ರಂತೆ ಬಟ್ಟೆ ಒಗೆತ, ವಿದ್ಯುತ್, ಅನಿಲ 82,500. ಅರ್ಧದಷ್ಟು ವ್ಯವಹಾರ ಅಂತರ್ಜಾಲ ಸಂಸ್ಥೆಗಳ ಮೂಲಕ ಬಂದರೆ ಅದಕ್ಕೆ ಶೇ. 15ರ ಕಮಿಷನ್ 82,500. ಹೆಂಚು, ಸುಣ್ಣ, ಬಣ್ಣ, ಸಣ್ಣಪುಟ್ಟ ರಿಪೇರಿ 1,00,000. ಒಟ್ಟು 8,00,500. ಉಳಿಯುವುದು 2,99,500 ರೂ.

ಸಾಲಕ್ಕೆ ಶೇ. 11ರ ಬಡ್ಡಿಯಾದರೆ ಮೊದಲ ವರ್ಷ 1,10,000. ಏಳು ವರ್ಷಗಳಲ್ಲಿ ತೀರಿಸುವುದಾದರೆ ಅಸಲು ಸುಮಾರು 1,43,000. ಕೈಯಲ್ಲಿ ನಿಲ್ಲುವುದು 46,500 ರೂ. ಮಾತ್ರ. ಸ್ವಂತದ 8 ಲಕ್ಷಕ್ಕೆ ಬಡ್ಡಿ ಇದರಲ್ಲಿ ಸೇರಿಲ್ಲ. ಬೆಳಗಿನ ಐದಕ್ಕೆ ಎದ್ದು ಅತಿಥಿಗಳಿಗೆ ಕಾಫಿ ಕಾಯಿಸಿ, ರಾತ್ರಿ ಹತ್ತಕ್ಕೆ ಪಾತ್ರೆ ಮಗುಚುವ ಮನೆಯೊಡತಿಯ ದುಡಿಮೆಗೆ ಇದರಲ್ಲಿ ಒಂದು ಕಾಸೂ ಬರೆದಿಲ್ಲ. ಹೋಂ ಸ್ಟೇಯ ಲಾಭವೆಂದು ಹೇಳಿಕೊಳ್ಳುವ ಮೊತ್ತದಲ್ಲಿ ದೊಡ್ಡ ಭಾಗ ಆಕೆಗೆ ಕೊಡದ ಸಂಬಳವೇ ಆಗಿರುತ್ತದೆ. ಲೆಕ್ಕಪುಸ್ತಕದಲ್ಲಿ ಅದಕ್ಕೊಂದು ಪ್ರತ್ಯೇಕ ಸಾಲು ತೆರೆಯುವುದು ಪ್ರಾಮಾಣಿಕತೆ.

ಅತಿಥಿ-ರಾತ್ರಿಗಳು 550ರಿಂದ 385ಕ್ಕೆ ಇಳಿದರೆ ಏನಾಗುತ್ತದೆ? ಸಂಬಳ ಮತ್ತು ರಿಪೇರಿ ಇಳಿಯುವುದಿಲ್ಲ. ಉಳಿಯುವುದು 93,250 ರೂ.; ಬಡ್ಡಿಗೇ ಸಾಲದು. ಕಂತು ಮತ್ತು ಬಡ್ಡಿ ಎರಡನ್ನೂ ಕಟ್ಟಲು ಮೇಲಿನ ಲೆಕ್ಕದಲ್ಲಿ ಕನಿಷ್ಠ 513 ಅತಿಥಿ-ರಾತ್ರಿಗಳು ಬೇಕು. ಎಲ್ಲ ಅತಿಥಿಗಳೂ ನೇರವಾಗಿ ಬಂದು ಕಮಿಷನ್ ಉಳಿದರೆ 458 ಸಾಕು. ಸಾಲವೇ ಇಲ್ಲದಿದ್ದರೆ ನೇರ ಅತಿಥಿಗಳಿಂದ 280ರ ಆಸುಪಾಸಿನಲ್ಲಿಯೇ ಖರ್ಚು ಸರಿದೂಗುತ್ತದೆ. ಬೆಲೆ ಏರಿದ ವರ್ಷದ ಕೊಬ್ಬರಿ, ಕಾಫಿಯ ಹಣವನ್ನು ದುರಸ್ತಿಗೆ ತೊಡಗಿಸಬೇಕೆಂದು ಮೊದಲೇ ಹೇಳಿದ್ದು ಈ ಕಾರಣಕ್ಕೆ. 2025-26ರ ಕೇಂದ್ರ ಮುಂಗಡಪತ್ರದಲ್ಲಿ ಹೋಂ ಸ್ಟೇಗಳಿಗೆ ಮುದ್ರಾ ಸಾಲ ನೀಡುವುದಾಗಿ ಘೋಷಿಸಲಾಯಿತು. ಸ್ವಾಗತಾರ್ಹವೇ ಸರಿ; ಆದರೆ ಸಾಲ ದೊರೆಯುವುದೂ ಸಾಲ ತೀರುವುದೂ ಬೇರೆ ಬೇರೆ ವಿಷಯಗಳು.

ಹಾಗಾದರೆ ಲಾಭ ಎಲ್ಲಿದೆ? ಅಡುಗೆ ಸಾಮಗ್ರಿಯ 2,47,500 ರೂ.ಗಳಲ್ಲಿದೆ. ಅಕ್ಕಿ, ರಾಗಿ, ಕಾಯಿ, ಹಾಲು, ತರಕಾರಿ, ಸೊಪ್ಪು, ಕಾಫಿ ಇವುಗಳಲ್ಲಿ ಐದನೇ ಮೂರು ಭಾಗ ಸ್ವಂತ ಹೊಲ-ತೋಟದಿಂದ ಬಂದರೆ ಸುಮಾರು 1,48,500 ರೂ. ಮನೆಗೇ ಮರಳುತ್ತದೆ, ಅದೂ ಮಂಡಿಯ ಬೆಲೆಗಲ್ಲ, ಊಟದ ಎಲೆಯ ಬೆಲೆಗೆ. ಸೂಪರ್ ಮಾರುಕಟ್ಟೆಯ ಪೊಟ್ಟಣದಿಂದ ಅಡುಗೆ ಮಾಡುವ ಹೋಂ ಸ್ಟೇಗೆ ಈ ಮೊತ್ತ ನಷ್ಟ. ಇಟಲಿಯ ಕಾಯ್ದೆ ಕೃಷಿಯೇ ಮುಖ್ಯವಾಗಿರಬೇಕೆಂದದ್ದು ಆದರ್ಶಕ್ಕಾಗಿ ಇದ್ದೀತು. ನಮ್ಮ ಲೆಕ್ಕದಲ್ಲಿ ಅದು ಬರಿಯ ವ್ಯವಹಾರ ಜ್ಞಾನ.

ತೆರಿಗೆಯ ಕೆಲವು ಅಂಶಗಳು

ಅತಿಥಿಯಿಂದ ಬರುವ ಹಣ ಕೃಷಿ ಆದಾಯವಲ್ಲ. ತೋಟದ ಮನೆಯಲ್ಲಿ ಗಳಿಸಿದ್ದೆಂಬ ಕಾರಣಕ್ಕೆ ಆದಾಯ ತೆರಿಗೆಯಿಂದ ವಿನಾಯಿತಿ ದೊರೆಯುವುದಿಲ್ಲ. ಇದಕ್ಕೆ ಪ್ರತ್ಯೇಕ ಲೆಕ್ಕವನ್ನೇ ಇಡಬೇಕು.

ಸರಕು ಮತ್ತು ಸೇವಾ ತೆರಿಗೆಯಲ್ಲಿ ಸೇವೆಗಳಿಗೆ ನೋಂದಣಿಯ ಮಿತಿ ವಾರ್ಷಿಕ 20 ಲಕ್ಷ ರೂ. ಮೇಲಿನ ಮಾದರಿ ಮನೆ ಈ ಮಿತಿಯೊಳಗಿದೆ. ಆದರೆ ವರ್ತಕ ಬಂಧುಗಳು ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಅರಸೀಕೆರೆಯ ಪೇಟೆಯಲ್ಲಿ ಕೊಬ್ಬರಿ ಮಂಡಿಯನ್ನೋ ಹಾರ್ಡ್‌ವೇರ್ ಅಂಗಡಿಯನ್ನೋ ಈಗಾಗಲೇ ನೋಂದಾಯಿಸಿರುವವರು ಅದೇ ಪ್ಯಾನ್ ಸಂಖ್ಯೆಯಲ್ಲಿ ಹೋಂ ಸ್ಟೇ ನಡೆಸಿದರೆ ಮಿತಿಯ ಪ್ರಯೋಜನ ಸಿಗುವುದಿಲ್ಲ. ಮೊದಲ ಅತಿಥಿಯಿಂದಲೇ ತೆರಿಗೆ ಅನ್ವಯಿಸುತ್ತದೆ. ದಿನಕ್ಕೆ 7,500 ರೂ. ವರೆಗಿನ ಕೊಠಡಿಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದ್ದು, ಇದಕ್ಕೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ. ಬಣ್ಣ, ಕೊಳಾಯಿ ಸಾಮಾನು, ಹಾಸಿಗೆಗಳ ಮೇಲೆ ಕಟ್ಟಿದ ತೆರಿಗೆ ವೆಚ್ಚವಾಗಿಯೇ ಉಳಿಯುತ್ತದೆ. ನೋಂದಣಿಯಿಲ್ಲದ ಮಾಲೀಕ ಅಂತರ್ಜಾಲ ಸಂಸ್ಥೆಯ ಮೂಲಕ ಕೊಠಡಿ ನೀಡಿದಾಗ ತೆರಿಗೆ ಕಟ್ಟುವ ಹೊಣೆ ಆ ಸಂಸ್ಥೆಯದು.

ಎಲ್ಲಿ, ಹೇಗೆ

ಬೇಲೂರು ಮತ್ತು ಹಳೇಬೀಡಿನಲ್ಲಿ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ವಸತಿಗೃಹಗಳು ಬಹಳ ಕಾಲದಿಂದ ಇವೆ. ದೇವಾಲಯದ ಹತ್ತಿರ ಬರಿಯ ಹಾಸಿಗೆ ಬೇಕೆನ್ನುವವನಿಗೆ ಅವೇ ಸಾಕು. ಹೋಂ ಸ್ಟೇ ಅವುಗಳೊಡನೆ ದರದಲ್ಲಿ ಪೈಪೋಟಿ ನಡೆಸಲಾರದು, ನಡೆಸಲೂಬಾರದು. ಎರಡನೆಯ ರಾತ್ರಿಗೆ ಕಾರಣವನ್ನು ಒದಗಿಸುವುದು ಅದರ ಕೆಲಸ. ಈ ಸೀಮೆಯಲ್ಲಿ ಅಂತಹ ಕಾರಣಗಳಿಗೆ ಬರವಿಲ್ಲ. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯ, ಬೆಳವಾಡಿಯ ವೀರನಾರಾಯಣ, ಜಾವಗಲ್ಲಿನ ಲಕ್ಷ್ಮೀನರಸಿಂಹ, ಹಾರನಹಳ್ಳಿಯ ಸೋಮೇಶ್ವರ ಮತ್ತು ಚೆನ್ನಕೇಶವ, ನಕ್ಷತ್ರಾಕಾರದ ಮಂಟಪವಿರುವ ಅರಸೀಕೆರೆಯ ಈಶ್ವರ ದೇವಾಲಯ ಇವೆಲ್ಲ ಒಂದೇ ದಿನದಲ್ಲಿ ಮುಗಿಯುವಂಥವಲ್ಲ. ಬೆಂಗಳೂರು–ಹಾಸನ ನೇರ ರೈಲುಮಾರ್ಗ 2017ರಲ್ಲಿ ತೆರೆದ ಮೇಲೆ ಹಾಸನದ ಪ್ರಯಾಣಿಕರಲ್ಲಿ ಅನೇಕರು ಅರಸೀಕೆರೆಯ ಕಡೆ ಬರುವುದಿಲ್ಲ. ಆದರೂ ಹುಬ್ಬಳ್ಳಿ, ದಾವಣಗೆರೆ ಕಡೆಯವರಿಗೆ ಹೊಯ್ಸಳ ನಾಡಿನ ಬಾಗಿಲು ಇಂದಿಗೂ ಅರಸೀಕೆರೆ ಜಂಕ್ಷನ್ನೇ. ನಿಲ್ದಾಣದಿಂದ ಅತಿಥಿಯನ್ನು ಕರೆದುಕೊಂಡು ಹಾರನಹಳ್ಳಿ, ಜಾವಗಲ್ ಮಾರ್ಗವಾಗಿ ಹಳೇಬೀಡಿಗೆ ಒಯ್ಯುವ ಒಂದು ದಿನದ ಪ್ರವಾಸವನ್ನು ತೆಂಗಿನ ತೋಟದ ಊಟದೊಡನೆ ಸೇರಿಸಿ ಮಾರುವವರು ಇನ್ನೂ ಸಾಕಷ್ಟು ಹುಟ್ಟಿಲ್ಲ.

ಬೇಲೂರಿನ ಪಶ್ಚಿಮ ಭಾಗದ ಮಾಲೀಕರಿಗೆ ಒಂದು ಎಚ್ಚರಿಕೆ ಅಗತ್ಯ. ಬಿಕ್ಕೋಡು, ಅರೇಹಳ್ಳಿ ಸುತ್ತ ಕಾಡಾನೆಗಳ ಸಂಚಾರವಿದ್ದು ಜೀವಹಾನಿಯೂ ಆಗಿದೆ. ಅತಿಥಿ ಇದನ್ನು ಮೋಜೆಂದು ತಿಳಿಯುವ ಸಂಭವವಿದೆ. ಕತ್ತಲಾದ ಮೇಲೆ ತೋಟದಲ್ಲಿ ತಿರುಗಾಡುವಂತಿಲ್ಲವೆಂಬ ನಿಯಮವನ್ನು ಕೊಠಡಿ ಕಾಯ್ದಿರಿಸುವಾಗಲೇ ತಿಳಿಸಿ, ಅರಣ್ಯ ಇಲಾಖೆಯ ಎಚ್ಚರಿಕೆಯ ಸಂದೇಶಗಳನ್ನು ಪ್ರತಿದಿನ ಗಮನಿಸಬೇಕು. ಸಾರ್ವಜನಿಕ ಹೊಣೆಗಾರಿಕೆಯ ವಿಮೆಯ ಕಂತನ್ನು ಅನಾವಶ್ಯಕ ಖರ್ಚೆಂದು ಯಾರೂ ತಿಳಿಯಬಾರದು.

ಅತಿಥಿ ಹೊರಡುವಾಗ ಕೈಯಲ್ಲಿ ಏನು ಒಯ್ಯುತ್ತಾನೆಂಬುದು ಪಟ್ಟಣದ ಸಣ್ಣ ಉದ್ಯಮಿಗೆ ಸಂಬಂಧಿಸಿದ ವಿಷಯ. ಒಂದು ಅತಿಥಿ-ರಾತ್ರಿಗೆ 300 ರೂ.ನ ಖರೀದಿ ಎಂದರೂ ಮೇಲಿನ ಮಾದರಿ ಮನೆಯೊಂದರಿಂದಲೇ ವರ್ಷಕ್ಕೆ 1,65,000 ರೂ. ವಹಿವಾಟು. ಕೊಬ್ಬರಿ ಎಣ್ಣೆ, ಕೊಬ್ಬರಿ ಮಿಠಾಯಿ, ಕಾಫಿಪುಡಿ, ಕಾಳುಮೆಣಸು, ನಾರಿನ ವಸ್ತುಗಳು ಇದಕ್ಕೆ ಒದಗುವ ಸರಕು. ಹಳೆಯ ಕಾಗದದಲ್ಲಿ ಕಟ್ಟಿಕೊಟ್ಟ ಪುಡಿಗೆ ಹಳ್ಳಿಯ ಸೊಗಡಿದೆಯೆಂದು ಮಾಲೀಕರು ಭಾವಿಸುವುದುಂಟು. ಕಾನೂನು ಹಾಗೆ ಭಾವಿಸುವುದಿಲ್ಲ. ಪೊಟ್ಟಣದ ಮೇಲೆ ತಯಾರಕರ ಹೆಸರು-ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ದಿನಾಂಕ, ಕಾಫಿಯಲ್ಲಿ ಚಿಕೋರಿ ಬೆರೆತಿದ್ದರೆ ಅದರ ಪ್ರಮಾಣ ಇವು ಇರಲೇಬೇಕು. ಇಂತಹ ಪೊಟ್ಟಣವನ್ನು ಹತ್ತು ಮನೆಗಳಿಗೆ ಒಬ್ಬನೇ ತಯಾರಕ ಒದಗಿಸಿದರೆ ಮನೆಯವರ ತಲೆನೋವೂ ತಪ್ಪುತ್ತದೆ, ತಯಾರಕನಿಗೂ ವರ್ಷವಿಡೀ ಕೆಲಸ ಸಿಗುತ್ತದೆ. ಪೊಂತೆ ದೆ ಲಿಮಾದವರಂತೆ ಹತ್ತು ಮನೆಗಳು ಕೊಠಡಿಯನ್ನೂ ಒಂದೇ ದೂರವಾಣಿ ಸಂಖ್ಯೆಯಿಂದ ಮಾರತೊಡಗಿದರೆ ಪ್ರತಿ ಮನೆಗೆ ಲೆಕ್ಕ ಹಾಕಿದ 82,500 ರೂ. ಕಮಿಷನ್ನಿನಲ್ಲಿ ದೊಡ್ಡ ಪಾಲು ಉಳಿಯುತ್ತದೆ. ತಾಲ್ಲೂಕು ಮಟ್ಟದ ವರ್ತಕರ ಸಂಘಗಳು ಕೈಗೆತ್ತಿಕೊಳ್ಳಬಹುದಾದ ಕೆಲಸವಿದು. ಒಬ್ಬ ಗುಮಾಸ್ತ, ಒಂದು ಗಣಕಯಂತ್ರ, ಎಲ್ಲ ಮನೆಗಳೂ ಒಪ್ಪಿದ ಒಂದು ದರಪಟ್ಟಿ ಇದ್ದರೆ ಆರಂಭಿಸಬಹುದು.

ಕೆಲಸದ ವೇಳಾಪಟ್ಟಿಯನ್ನು ಋತುವೇ ನಿರ್ಧರಿಸುತ್ತದೆ. ಕಾಫಿ ಕೊಯ್ಲು ಮುಗಿದು ಆಳುಗಳು ಬಿಡುವಾಗುವುದು ಮಾರ್ಚಿ ತಿಂಗಳ ಸುಮಾರಿಗೆ. ಹೆಂಚು ಇಳಿಸಿ, ಜಂತೆ ಬದಲಿಸಿ, ಮತ್ತೆ ಹೊದಿಸುವ ಕೆಲಸ ಮೇ ತಿಂಗಳೊಳಗೆ ಮುಗಿಯದಿದ್ದರೆ ಮುಂಗಾರು ಮಳೆಗೆ ಬರಿಯ ಮಣ್ಣಿನ ಗೋಡೆ ನೆನೆದು ಮಾಡಿದ್ದೆಲ್ಲ ವ್ಯರ್ಥ. ಸುಣ್ಣದ ಗಾರೆ ನಿಧಾನವಾಗಿ ಆರಲು ಮಳೆಗಾಲದ ತಂಪು ಹವೆ ಅನುಕೂಲವೇ. ಒಳಗಿನ ಕೆಲಸ, ನೋಂದಣಿ, ಪರವಾನಗಿಗಳನ್ನು ಆ ನಾಲ್ಕು ತಿಂಗಳುಗಳಲ್ಲಿ ಮುಗಿಸಿಕೊಂಡವರು ದಸರೆಯ ರಜೆಗೆ ಮೊದಲ ಅತಿಥಿಯನ್ನು ಬರಮಾಡಿಕೊಳ್ಳಬಹುದು.